ಏಳನೇ ಜೊತೆ

ಭಾನುವಾರದ ಹಳೇ ಕಾರುಗಳ ಪ್ರದರ್ಶನದಲ್ಲಿ, ಒಂದು ಬಿಡಿಭಾಗವೂ ಬದಲಾಗದ ಕಾರಿಗೆ ಕೊಡುವ ಬೆಳ್ಳಿ ಕಪ್ಪನ್ನು ಶ್ರೀಪತಿರಾಯರು ಗೆಲ್ಲಲೇಬೇಕಿತ್ತು. ಹೋದ ವರ್ಷ ಅದು ಅವರ ಬೀಗರ ಪಾಲಾಗಿತ್ತು. ಅಂದಿನಿಂದ ಬೀಗರ ಮನೆಯಲ್ಲಿ ಕಾಫಿ ಕುಡಿಯುವುದೇ ರಾಯರಿಗೆ ಕಷ್ಟವಾಗಿತ್ತು.

ಅವರ ಕೆಂಪು ಸ್ಪೋರ್ಟ್ಸ್ ಕಾರಿನ ಚಕ್ರ ಬಿಚ್ಚಿದ್ದ ಮೆಕ್ಯಾನಿಕ್ ಜಬ್ಬಾರ್, "ಬ್ರೇಕಿನ ಕ್ಯಾಲಿಪರ್‌ಗಳು ತುಕ್ಕು ಹಿಡಿದಿವೆ ಸಾರ್. ದೊಡ್ಡ ಸೈಜಿಂದು ಹೊಸದು ಹಾಕಿಬಿಡ್ಲಾ?" ಎಂದ.

"ಹೊಸದು ಗಿಸದು ಅಂದ್ರೆ ನೋಡು. ಅದರ ಮೇಲೆ ಏಳು ಅಂತ ಕೆತ್ತಿರೋದು ಕಾಣಲ್ವೇನಯ್ಯಾ? ಫೋಟೋ ತೆಗೆದು ಇಂಗ್ಲೆಂಡಿಗೆ ಕಳಿಸಿದ್ದೆ. ಮೂರು ಜನ ಪಂಡಿತರು ಒಂದು ತಿಂಗಳು ಕಿತ್ತಾಡಿ ಕೊನೆಗೆ ಒಪ್ಪಿದ್ರು. ಕಾರ್ಖಾನೆಯೋರು ರೇಸಿಗೆ ಅಂತಲೇ ಗುಟ್ಟಾಗಿ ಮಾಡಿಸಿದ್ದಂತೆ. ಇದು ಏಳನೇ ಜೊತೆ. ತೊಳೆದು, ತುಕ್ಕು ತೆಗೆದು, ಅದನ್ನೇ ಕೂರಿಸು."

ಜಬ್ಬಾರ್ ಆ ಅಂಕಿಯನ್ನು ಹೆಬ್ಬೆರಳಿನಿಂದ ಒರೆಸಿದ.

"ಓದಿದೋರು ಓದಿದೋರೇ ಸಾರ್. ಏಳನೇದು ಅಂತ ಸರಿಯಾಗೇ ಹೇಳಿದಾರೆ."

"ನಿನಗೆ ಹೇಗಯ್ಯಾ ಗೊತ್ತು?" ರಾಯರು ಮೀಸೆಯಡಿಯಲ್ಲಿ ನಕ್ಕರು.

"ನಮ್ಮಪ್ಪ ಡೈರಿಯ ಹಾಲಿನ ವ್ಯಾನುಗಳನ್ನ ರಿಪೇರಿ ಮಾಡ್ತಿದ್ರಲ್ಲ. ಬಿಚ್ಚಿದ ಸಾಮಾನು ಅದಲುಬದಲಾಗದ ಹಾಗೆ ಒಂದೊಂದರ ಮೇಲೂ ವ್ಯಾನಿನ ನಂಬರು ಹೊಡೀತಿದ್ರು. ನೀವು ಕೊಳ್ಳೋಕೆ ಮುಂಚೆ ಈ ಕಾರಿಗೆ ಸ್ಪೇರ್ ಸಿಗಲಿಲ್ಲ ಅಂತ ಏಳನೇ ವ್ಯಾನಿಂದು ಕಿತ್ತು ಹಾಕಿದ್ರು."

ರಾಯರು ಸ್ಟೂಲಿನ ಮೇಲೆ ಕುಸಿದರು. ಜಬ್ಬಾರ್‌ಗೆ ಅಯ್ಯೋ ಎನಿಸಿತು.

"ಯೋಚನೆ ಮಾಡ್ಬೇಡಿ ಸಾರ್, ಕಪ್ಪು ಬಂದೇ ಬರುತ್ತೆ. ನಿಮ್ಮ ಬೀಗರ ಕಾರಲ್ಲಿರೋದು ಮೂರನೇ ವ್ಯಾನಿಂದು."