ಹುಲ್ಲಿನ ಕೆಳಗಿನ ಸಸಿಗಳು

ಫಕೀರವ್ವ ಆ ವರ್ಷ ಮೆಣಸಿನ ಬೀಜ ಚೆಲ್ಲಿದ್ದು ಮಾರುವುದಕ್ಕಲ್ಲ...

ತೀರಿಹೋದ ಮಗಳು ಕಲ್ಲವ್ವ ತನ್ನ ಕೈಯಾರೆ ಹಣ್ಣು ಆರಿಸಿ, ಒಣಗಿಸಿ, ಅರಿವೆಯಲ್ಲಿ ಕಟ್ಟಿಟ್ಟಿದ್ದ ಕೊನೆಯ ಬೀಜ ಅದು.

ಹೋದ ಬೇಸಿಗೆ ಗಂಡನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತ ಬಿಸಿಲು ಬಡಿದು ಬಿದ್ದವಳು ಮತ್ತೆ ಏಳಲಿಲ್ಲ.

ಅದಕ್ಕೇ ಮೊಳಕೆ ಒಡೆದ ಮೇಲೂ ಫಕೀರವ್ವ ಸಸಿಮಡಿಗೆ ಹೊದಿಸಿದ್ದ ಹುಲ್ಲು ತೆಗೆಯಲಿಲ್ಲ. "ನನ್ನ ಕೂಸುಗಳಿಗೆ ಬಿಸಲು ತಾಗಬಾರದು" ಎನ್ನುತ್ತ ಬೆಳಿಗ್ಗೆ, ಸಂಜೆ ಕೊಡಗಟ್ಟಲೆ ನೀರು ಹಾಕಿದಳು.

ಒಂದು ಮಧ್ಯಾಹ್ನ ಅಳಿಯ ಚನ್ನವೀರ ಬಂದವನೇ ಹುಲ್ಲು ಸರಿಸತೊಡಗಿದ.

ಫಕೀರವ್ವ ಕೆಂಡವಾದಳು.

"ಬಿಸಲಾಗ ದುಡಿಸಿ ನನ್ನ ಮಗಳನ್ನ ಕೊಂದಿ... ಈಗ ಅಕಿ ಬೀಜಾನೂ ಕೊಲ್ಲಾಕ ಬಂದಿಯೇನ?"

ಅವನು ತಲೆ ಎತ್ತಲಿಲ್ಲ. "ಅತ್ತಿ, ಒಮ್ಮೆ ಬಗ್ಗಿ ನೋಡ್ರಿ..."

ನೋಡಿದಳು.

ಸಸಿಗಳ ಬುಡ ಬೇಯಿಸಿದಂತೆ ಮೆತ್ತಗಾಗಿ, ದಾರದಷ್ಟು ಸಣ್ಣಗಾಗಿತ್ತು. ಹಸಿರೆಲೆ ಹೊತ್ತುಕೊಂಡೇ ಗುಂಪುಗುಂಪಾಗಿ ಮಲಗಿದ್ದವು... ಮಣ್ಣಿನ ಮೇಲೆ ಬಿಳಿ ಬೂಷ್ಟು.

"ಬಿಸಲಿಲ್ಲ, ಗಾಳಿಲ್ಲ... ನೀರು ನಿಂತು ಬುಡಾ ಕೊಳತಾವ್ರಿ. ಬಿದ್ದದ್ದರ ಜೋಡಿ ಬಾಜೂಕ ನಿಂತದ್ದನ್ನೂ ಕಿತ್ತ ಒಗೀಬೇಕು. ಇಲ್ಲಾಂದ್ರ ಒಂದೂ ಉಳಿಯಂಗಿಲ್ಲ."

"ಇನ್ನೂ ಹಸರ ಐತಲ್ಲೋ ಇದು..."

"ಐತ್ರಿ. ಆದ್ರ ಬ್ಯಾನಿ ಒಳಗ ಹೊಕ್ಕೈತಿ."

ಅವಳೇ ಕಿತ್ತಳು. ಕೀಳುತ್ತ ಮಗಳ ಹೆಸರು ಹಿಡಿದು ಅತ್ತಳು.

ಚನ್ನವೀರ ಉಳಿದವುಗಳ ನಡುವಿನ ಮಣ್ಣು ಸಡಿಲಿಸಿ, ಹುಲ್ಲು ತೆಗೆದಿಲ್ಲವೆಂದು ಕೇಳಿ ತಾನು ತಂದಿದ್ದ ಬೂಷ್ಟಿನ ಔಷಧಿ ಕಲಸಿ ಬುಡಕ್ಕೆ ಹಾಕಿದ. "ಇನ್ನ ಮಣ್ಣು ಆರೂತನಕ ನೀರು ಬ್ಯಾಡ್ರಿ. ಮುಂದಿನ ಸಲ ಮಡಿ ಎತ್ತರ ಮಾಡೂಣು, ತೆಳ್ಳಗ ಬಿತ್ತೂಣು."

ಉಳಿದದ್ದಾದರೂ ಎಷ್ಟು? ಬೊಗಸೆಯಷ್ಟು... ಅದೂ ಅಂಚಿನಲ್ಲಿ, ಗಾಳಿಗೆ ಹುಲ್ಲು ಹಾರಿ ಬಿಸಿಲು ಬಿದ್ದ ಕಡೆ!

ಆಗ ಅವಳು ಅಳಿಯನ ಮುಖ ನೋಡಿದಳು. ತುಟಿಗಳು ಒಣಗಿ ಬಿರಿದಿದ್ದವು.

ಮಗಳು ಹೋದಾಗಿನಿಂದ ಇವನಿಗೆ 'ಬಾ' ಅಂದಿರಲಿಲ್ಲ... ಸಸಿಗೆ ಕೊಡಗಟ್ಟಲೆ ಸುರಿದ ಕೈ, ಮನೆಗೆ ಬಂದವನಿಗೆ ಒಂದು ಚರಗಿ ನೀರು ಕೊಟ್ಟಿರಲಿಲ್ಲ.

ಒಳಗೆ ಹೋಗಿ ಚರಗಿ ತುಂಬಿ ತಂದಳು, ಜೊತೆಗೊಂದು ಬೆಲ್ಲದ ಚೂರು. "ಕುಡೀರಿ..."

ಅವನು ಒಂದು ಗುಟುಕು ಕುಡಿದು ಚರಗಿ ಕೆಳಗಿಟ್ಟ.

"ಅವತ್ತು ನಾ 'ಸಾಕು, ಮನೀಗೆ ನಡಿ' ಅಂದಿದ್ನಿರಿ ಅತ್ತಿ... ಅಕೀನ, ಇದೊಂದು ಸಾಲು ಮುಗಿಸ್ತೀನಿ ಅಂದ್ಲು..."

ಫಕೀರವ್ವ ಮಣ್ಣಾದ ಕೈಯಲ್ಲೇ ಅವನ ತಲೆ ಹಿಡಿದುಕೊಂಡು ಕುಳಿತಳು.

ದುಃಖದಲ್ಲಿ ನಾವು ಬೇಡದ ಕಡೆಗೇ ನೀರು ಸುರಿಯುತ್ತೇವೆ... ಬಾಯಾರಿದವರು ಎದುರಿಗೇ ನಿಂತಿರುತ್ತಾರೆ.

ನಿಮ್ಮ ಹೊಸ್ತಿಲ ಹೊರಗೆ ಹಾಗೆ ಯಾರಾದರೂ ನಿಂತಿದ್ದಾರಾ?