ಎಲ್ಲಾರಿಗೂ ದೊಡ್ಡಕ್ಷರ

ಅಚ್ಚುಮೊಳೆಗಳನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುವಾಗ ಏಳುತ್ತಿದ್ದ ವಾಸನೆ ಸಿದ್ದೇಶ್ವರಿಗೆ ಇವತ್ತು ನೆನಪಾಯಿತು. ಭಾಲ್ಕಿಯಲ್ಲಿ ಅಪ್ಪನ ಪ್ರೆಸ್ಸಿತ್ತು. ಅಲ್ಲಿ ಕರೆಂಟು ಹೋದರೂ, ಶಾಲೆಗೆ ಹೋಗದ ವಯಸ್ಸಿನಲ್ಲೇ, ಬೆರಳಿನಿಂದ ಸವರಿ ಇದು ಯಾವ ಅಕ್ಷರ ಎಂದು ಹೇಳಿಬಿಡುತ್ತಿದ್ದಳು. ಈಗ ಬೀದರಿನ ಈ ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರಿನ ಪರದೆಯನ್ನು ಎಷ್ಟು ಸವರಿದರೂ ಅದು ಬರೀ ಗಾಜು. ಯಾರಿಗೂ ಹೇಳದೆ ತಾನೇ ದೊಡ್ಡದು ಮಾಡಿಕೊಂಡು ನಿನ್ನೆ ಸಂಜೆಯವರೆಗೆ ಕಡಲೆಯಷ್ಟಿದ್ದ ಅಕ್ಷರಗಳು ಬೆಳಿಗ್ಗೆ ಬಂದು ನೋಡಿದರೆ ಎಳ್ಳಿನಷ್ಟಾಗಿದ್ದವು.

ಬಗದಲ್‌ನವರ ಮದುವೆ ಪತ್ರಿಕೆ ಮಧ್ಯಾಹ್ನದೊಳಗೆ ಮುಗಿಯಬೇಕಿತ್ತು. ಮಾಲೀಕ ಹಾವಗೆಪ್ಪನವರು ನೋಡಿ ಸಹಿ ಹಾಕಲು ಬರುವವರಿದ್ದರು. ಅವರ ಮುಂದೆ ಬಾಯಿ ಬಿಡುವ ಹಾಗಿರಲಿಲ್ಲ. ಹೋದ ವರ್ಷ ಪ್ರೂಫ್ ತಿದ್ದುವ ಬಕ್ಕಪ್ಪನ ಕಣ್ಣು ಮಂಜಾದಾಗ ಹಾವಗೆಪ್ಪನವರು ಬೈದಿರಲಿಲ್ಲ. ಶಾಲು ಹೊದಿಸಿ, ಪೇಢಾ ತಿನ್ನಿಸಿ, ಮನೆಗೆ ಕಳಿಸಿದ್ದರು. ಸಿದ್ದೇಶ್ವರಿಗೆ ಆ ಶಾಲು ಬೇಕಿರಲಿಲ್ಲ. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಪಕ್ಕದ ಕುರ್ಚಿಯಿಂದ ರುಖ್ಸಾರ ನಕ್ಕಳು. ಎರಡನೇ ಕಂಪ್ಯೂಟರಿನ ಜೊತೆಗೇ ಈ ವಾರ ಕೆಲಸಕ್ಕೆ ಸೇರಿದ ಹುಡುಗಿ.

"ಅಕ್ಕಾರ, ಸ್ಕ್ರೀನಿಗಿ ಮುತ್ತು ಕೊಡ್ತೀರೇನ್ರಿ?"

"ಧೂಳ ಕುಂತದವಾ. ಊದ್ಲಿಕತ್ತೀನಿ."

ರುಖ್ಸಾರ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡಳು. "ಹಾಯ್ ಅಲ್ಲಾ, ಇದು ನಂದೇ ಕೆಲಸ! ನಿನ್ನಿ ನೀವು ಮನಿಗಿ ಹೋದಮ್ಯಾಲ ಕರೆಂಟ್ ಹೋತ್ರಿ. ಬ್ಯಾಟರಿ ನಿಮ್ಮ ಮಶೀನಿಗಷ್ಟೇ ಅದಲ್ಲ, ಇಲ್ಲೇ ಕುಂತ್ನಿ. ಅಕ್ಷರ ಭಾಳ ದೊಡ್ಡವಿದ್ವು. ಸೆಟ್ಟಿಂಗ್ ಕೆಟ್ಟದ ಅಂತ ಸಣ್ಣ ಮಾಡಿ ಸೇವ್ ಮಾಡ್ದೆ. ಸೇವ್ ಮಾಡೂಮುಂದ ಅದು ಕೇಳ್ತದಲ್ರಿ, ನಿಮಗಷ್ಟೇನಾ, ಎಲ್ಲಾರಿಗೂನಾ ಅಂತ."

"ನೀ ಏನ್ ಒತ್ತಿದಿ?"

"ಎಲ್ಲಾರಿಗೂ. ಎರಡೂ ಮಶೀನ್ ಜೋಡಿಸ್ಯಾರಲ್ರಿ, ಅದ್ಕೇ ನೀವು ಇಟ್ಟಿದ್ದು ಅಳಿಸಿಹೋಗ್ಯಾದ. ನನಗಷ್ಟೇ ಅಂತ ಒತ್ಲಿಕ್ಕಿ ಮನಸೇ ಬರ್ಲಿಲ್ರಿ ಅಕ್ಕಾರ. ನಮ್ಮ ಮನ್ಯಾಗ ಒಂದ್ ಪೇರಲ ಸಿಕ್ರೂ ಅಮ್ಮಿ ಎಲ್ಲಾರಿಗೂ ಕೊಯ್ದು ಕೊಡ್ತಾಳ."

ಸಿದ್ದೇಶ್ವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ರುಖ್ಸಾರ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತಳು.

"ಎಷ್ಟು ದೊಡ್ಡವು ಮಾಡ್ಲಿ?"

"ಒಂಚೂರು."

"ಇಷ್ಟು ಸಾಕ್ರಿ?"

"ಇನ್ನಾ."

"ಈಗ?"

"ಇನ್ನಾ ಸ್ವಲ್ಪವಾ." ಸಿದ್ದೇಶ್ವರಿಯ ದನಿ ಸಣ್ಣದಾಯಿತು.

ರುಖ್ಸಾರಳ ನಗು ನಿಂತಿತು. ಅವಳಿಗೆ ಅರ್ಥವಾಗಿತ್ತು. ಆದರೆ ತಿರುಗಿ ಮುಖ ನೋಡಲಿಲ್ಲ. ಪರದೆಯನ್ನೇ ನೋಡುತ್ತ, ಏನೂ ಆಗದವಳಂತೆ, ಅಕ್ಷರಗಳನ್ನು ಇನ್ನೊಂದು ಪಟ್ಟು ದೊಡ್ಡದು ಮಾಡಿದಳು.

"ನನಗಷ್ಟೇ ಅಂತ ಇಡವಾ," ಎಂದಳು ಸಿದ್ದೇಶ್ವರಿ. "ನಿನಗ್ಯಾಕ ತ್ರಾಸು."

ಹೊರಗೆ ಹಾವಗೆಪ್ಪನವರ ಸ್ಕೂಟರು ನಿಂತ ಸದ್ದಾಯಿತು. ರುಖ್ಸಾರ ಎರಡೂ ಪರದೆಗಳನ್ನು ಒಮ್ಮೆ ನೋಡಿದಳು. ಒಂದರಲ್ಲಿ ಎಳ್ಳು, ಒಂದರಲ್ಲಿ ಕಡಲೆ. ಬಾಗಿಲಲ್ಲಿ ನಿಂತವರಿಗೂ ಎದ್ದು ಕಾಣುವ ವ್ಯತ್ಯಾಸ. ಅವಳು ಈ ಸಲವೂ 'ಎಲ್ಲರಿಗೂ' ಎಂಬುದನ್ನೇ ಒತ್ತಿದಳು. ಅವಳ ಕಂಪ್ಯೂಟರಿನ ಅಕ್ಷರಗಳೂ ಊದಿಕೊಂಡವು.

"ಏನಿದು, ಎರಡೂ ಕಡಿ ಕುಂಬಳಕಾಯಿ ಬೆಳದಾವಲ್ಲ!" ಹಾವಗೆಪ್ಪನವರು ಬಾಗಿಲಲ್ಲೇ ಅಂದರು.

"ನಾನೇ ಮಾಡೀನ್ರಿ ಮಾಲಕ್ರೆ. ಸಣ್ಣ ಅಕ್ಷರ ಓದಿದ್ರ ನನಗ ತಲಿ ನೋಯ್ತದ್ರಿ."

"ಹರೇದ ಹುಡುಗಿ, ಈಗೇ ಕಣ್ಣು ಹೋದ್ವೇನು? ಕೆಲಸಕ್ಕ ಬಂದು ವಾರ ಆಗಿಲ್ಲ. ಹಿಂಗಾದ್ರ ಹ್ಯಾಂಗವಾ ನಿನ್ನ ಇಟ್ಕೊಳ್ಳೂದು?"

ಸಿದ್ದೇಶ್ವರಿ ಎದ್ದು ನಿಂತಳು. "ಮಾಲಕ್ರೆ, ಅದು..."

ಹಾವಗೆಪ್ಪನವರು ಕೇಳಿಸಿಕೊಳ್ಳಲಿಲ್ಲ. ಪರದೆಯ ಮೇಲಿದ್ದ ಬಗದಲ್‌ನವರ ಪತ್ರಿಕೆಯ ಕಡೆ ಬಗ್ಗಿದ್ದರು. ಚಷ್ಮಾ ಹಣೆಗೇರಿಸಿದರು. ತುಟಿ ಆಡಿಸುತ್ತ ವಧು ವರರ ಹೆಸರು ಓದಿದರು, ಮುಹೂರ್ತ ಓದಿದರು, ಕೊನೆಗೆ ತಳದ ಸಾಲಿಗೆ ಬಂದು ಗಟ್ಟಿಯಾಗಿ ಓದಿ ನಕ್ಕರು: "'ನಮ್ಮ ಮಾಮಾನ ಮದುವೆಗೆ ತಪ್ಪದೇ ಬರ್ರಿ.' ಇದೂ ಹಾಕ್ತೀರೇನು ನೀವು?"

"ಪ್ರತಿ ಪತ್ರಿಕಿಗೂ ಹಾಕ್ತೀವ್ರಿ," ಎಂದಳು ಸಿದ್ದೇಶ್ವರಿ. "ಮೊದಲಿಂದಲೂ."

ಹಾವಗೆಪ್ಪನವರ ನಗು ಮೆಲ್ಲಗೆ ಇಳಿಯಿತು. ಪ್ರೂಫಿನ ಸಣ್ಣಕ್ಷರದಲ್ಲಿ ಆ ಸಾಲು ಕಾಣದೆಯೇ ಎಷ್ಟು ಪತ್ರಿಕೆಗಳಿಗೆ ತಾವೇ ಸಹಿ ಹಾಕಿದ್ದರು! ಚಷ್ಮಾ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು.

"ಹಿಂಗೇ ಇರಲಿ," ಎಂದರು. "ಯಾರೂ ಸಣ್ಣ ಮಾಡಬ್ಯಾಡ್ರಿ." ಆರ್ಡರ್ ಚೀಟಿಗೆ ಸಹಿ ಹಾಕಿ ಹೊರಟುಹೋದರು.

ಸ್ಕೂಟರಿನ ಸದ್ದು ದೂರವಾಯಿತು. ಊಟದ ಹೊತ್ತಾಗಿತ್ತು. ಸಿದ್ದೇಶ್ವರಿ ಡಬ್ಬಿ ಬಿಚ್ಚಿದಳು. ಒಂದು ತುಂಡು ಜೋಳದ ರೊಟ್ಟಿ, ಚಿಟಿಕೆ ಶೇಂಗಾ ಚಟ್ನಿಪುಡಿ ಮುಚ್ಚಳಕ್ಕೆ ಹಾಕಿ ತನ್ನ ಮುಂದಿಟ್ಟುಕೊಂಡಳು. ಉಳಿದ ರೊಟ್ಟಿ, ಪುಂಡಿಪಲ್ಯದ ಸಮೇತ ಇಡೀ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ರುಖ್ಸಾರಳ ಕೈಗೆ ಕೊಟ್ಟಳು.