ಮಿಂಚುಳ್ಳಿಯ ಬಾಣಂತನ

ಈಗಲೂ ಬೇವಿನ ಚಿಗುರಿನ ವಾಸನೆ ಬಂದರೆ ಹೂಡಿಯ ನಮ್ಮ ಮನೆ ಹಿಂದಿನ ಮಣ್ಣುಗುಡ್ಡೆ ಕಣ್ಣಮುಂದೆ ಬರುತ್ತದೆ.

ಬಾಡಿಗೆ ಮನೆ ಕಟ್ಟಿಸಲು ತೆಗೆದ ಪಾಯದ ಮಣ್ಣು ಅದು. ಶಿವರಾತ್ರಿ ಕಳೆಯುವಷ್ಟರಲ್ಲಿ ಮಿಂಚುಳ್ಳಿಯೊಂದು ಅದರಲ್ಲಿ ಬಿಲ ಕೊರೆದು ಮರಿ ಮಾಡಿತ್ತು. ಮಧ್ಯಾಹ್ನ ಅಕ್ಕಪಕ್ಕದವರೆಲ್ಲ ಹುಣಸೆಹಣ್ಣು ಬಿಡಿಸುತ್ತಾ ಅದನ್ನೇ ನೋಡುತ್ತಾ ಕೂರುತ್ತಿದ್ದೆವು. ಮಣ್ಣೆತ್ತಲು ಜೆಸಿಬಿ ಬರುವ ದಿನ ಅಜ್ಜಿ, ಹೆರಿಗೆಯಾದ ಮನೆ ಬಾಗಿಲಿಗೆ ಕಟ್ಟುವ ಹಾಗೆ, ಬಿಲದ ಮೇಲೆ ಬೇವಿನ ಸೊಪ್ಪು ಸಿಕ್ಕಿಸಿದಳು.

ರಾಯಚೂರು ಕಡೆಯ ಡ್ರೈವರಣ್ಣ ಸೊಪ್ಪು ನೋಡಿ ಇಂಜಿನ್ ನಿಲ್ಲಿಸಿದ. “ಯಾರು ಹಡದಾರ್ರೀ ಅಮ್ಮಾ?”

“ಆ ನೀಲಿ ರೆಕ್ಕೆಯೋಳು ಕಣಪ್ಪ. ಬಾಣಂತೀನ ಎಬ್ಬುಸ್ಬಾರ್ದು,” ಎಂದಳು ಅಜ್ಜಿ.

ಅಷ್ಟರಲ್ಲಿ ಮಿಂಚುಳ್ಳಿ ಮಿಡತೆ ಕಚ್ಚಿಕೊಂಡು ಬಿಲ ಹೊಕ್ಕಿತು. ಡ್ರೈವರಣ್ಣ ಕೆಳಗಿಳಿದು, ಚಪ್ಪಲಿ ಕಳಚಿ, ನಮ್ಮ ಪಕ್ಕ ಕೂತ.

“ಮರಿ ಹಾರಿದ ಮ್ಯಾಲೆ ಫೋನ್ ಮಾಡ್ರಿ,” ಎಂದು ಪಿಸುಗುಟ್ಟಿದ.